ಬೆರಳಮ್ಮನ ಹನ್ನೊಂದು ಪಾಮ್‌ಗಳು

ಹೊಸ ಮ್ಯಾನೇಜರು ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಕಚೇರಿಯ ಆಸ್ತಿಯನ್ನು ಮುರಿದರು. ಅದೂ ಮೇಲಧಿಕಾರಿಗಳ ಕಣ್ಣೆದುರಿಗೇ.

ಮುಖ್ಯ ಕಚೇರಿಯಿಂದ ಇಬ್ಬರು ಬಂದಿದ್ದರು. ವಿಮಾ ಕಂಪನಿಯ ಆ ಮೂರನೆಯ ಮಹಡಿಯನ್ನು ಅವರಿಗೆ ತೋರಿಸುತ್ತ ಬಂದ ಮ್ಯಾನೇಜರು, ಲಿಫ್ಟಿನ ಪಕ್ಕದ ಕುಂಡದಲ್ಲಿದ್ದ ಆಳೆತ್ತರದ ಪಾಮ್ ಗಿಡದ ಮುಂದೆ ನಿಂತರು. ಗರಿಗಳ ಮೇಲೆ ಧೂಳಿಲ್ಲ, ಹುಳುವಿಲ್ಲ, ಒಣಗಿದ ತುದಿ ಒಂದೂ ಇಲ್ಲ. ಜೀವ ಇರುವ ವಸ್ತು ಸರ್ಕಾರಿ ಬಣ್ಣದ ಗೋಡೆಯ ಪಕ್ಕ ಇಷ್ಟು ಲಕ್ಷಣವಾಗಿ ಇರುವುದು ಅವರ ಅನುಭವದಲ್ಲಿ ಇರಲಿಲ್ಲ.

"ಪ್ಲಾಸ್ಟಿಕ್ ಸಾರ್. ನೀರು ಬೇಡ, ಗೊಬ್ಬರ ಬೇಡ. ಹೇಗೆ ಬೇಕಾದ್ರೂ ಬಗ್ಗುತ್ತೆ," ಎಂದು ಒಂದು ಗರಿಯನ್ನು ಹಿಡಿದು ಬಗ್ಗಿಸಿದರು. ಅದು ಲಟಕ್ಕನೆ ಮುರಿದು ಕೈಗೆ ಬಂತು.

ಕುಂಡದ ಹಿಂದಿನಿಂದ, ಒದ್ದೆ ಬಟ್ಟೆ ಹಿಡಿದ ಒಬ್ಬ ವಯಸ್ಸಾದ ಹೆಂಗಸು ಮೆಲ್ಲಗೆ ಎದ್ದು ನಿಂತರು. ಮುರಿದ ಗರಿಯನ್ನು ನೋಡಿದರು, ಮ್ಯಾನೇಜರನ್ನು ನೋಡಿದರು.

"ಇದು ಬಿಚ್ಚಿಕೊಳ್ಳೋಕೆ ನಾಲ್ಕು ತಿಂಗಳು ತಗೊಂಡಿತ್ತು ಸಾರ್."

ಅಧಿಕಾರಿಗಳು ನಕ್ಕರು. ನಗು ಮುಗಿದ ಮೇಲೆ ಅವರಲ್ಲೊಬ್ಬರಿಗೆ ಸಂಶಯ ಬಂತು: ಹಾಗಾದರೆ ಈ ಗಿಡಗಳನ್ನು ನೋಡಿಕೊಳ್ಳಲು ಒಬ್ಬರು ಬೇರೆ ಇದ್ದಾರೆಯೇ? ವಾರದೊಳಗೆ ಪತ್ರ ಬಂತು. ಪಾಮ್ ಎಂಬುದು ಹೆಚ್ಚು ಆರೈಕೆ ಬೇಡದ ಗಿಡವೆಂದೇ ಹೆಸರಾಗಿರುವಾಗ ಅದರ ಆರೈಕೆಗೆ ಆಳು ಏಕೆ, ಆಕೆ ಮಾಡುವ ಕೆಲಸವೇನು, ಎರಡು ತಿಂಗಳೊಳಗೆ ವರದಿ ಕಳಿಸಿ. ತೃಪ್ತಿಕರವಾಗಿರದಿದ್ದರೆ ಆಕೆಯನ್ನು ಬಿಡಿಸಿ.

ಮುರಿದದ್ದು ಗರಿ ಒಂದೇ ಅಲ್ಲ ಎಂದು ಮ್ಯಾನೇಜರಿಗೆ ಆಗ ಹೊಳೆಯಿತು. ತಾವು ಬಾಯಿ ಮುಚ್ಚಿಕೊಂಡು ಮುಂದೆ ನಡೆದಿದ್ದರೆ ಆ ಹೆಂಗಸಿನ ಸುದ್ದಿಗೆ ಯಾರೂ ಬರುತ್ತಿರಲಿಲ್ಲ.

ಅವರನ್ನು ಕಚೇರಿಯವರು ಕರೆಯುತ್ತಿದ್ದುದು ಬೆರಳಮ್ಮ ಎಂದು. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದು, ಅಲ್ಲಿಂದ ನಿವೃತ್ತರಾದ ಮೇಲೆ ಇಲ್ಲಿಗೆ ಬಂದವರು. ದರ್ಜಿಯಾಗಿದ್ದ ಗಂಡನಿಗೆ ಕೈ ನಡುಕ ಹತ್ತಿ ಹೊಲಿಗೆ ಯಂತ್ರ ಮಾರಿಯಾಗಿತ್ತು. ಮನೆ ನಡೆಯುತ್ತಿದ್ದುದು ಈ ಹನ್ನೊಂದು ಪಾಮ್‌ಗಳ ನೆರಳಲ್ಲೇ.

ಪ್ರತಿ ಮಂಗಳವಾರ ಹತ್ತು ಗಂಟೆಗೆ ಅವರು ಬರುವುದನ್ನು ಮ್ಯಾನೇಜರು ಗಾಜಿನ ಕೋಣೆಯೊಳಗಿಂದ ಪತ್ತೇದಾರನಂತೆ ನೋಡತೊಡಗಿದರು. ಬೆರಳಮ್ಮ ಮೊದಲು ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ನಾಡಿ ಹಿಡಿದ ಡಾಕ್ಟರಂತೆ ಗೋಡೆ ಗಡಿಯಾರದ ಕಡೆ ನೋಡುತ್ತಿದ್ದರು. ಬೆರಳಿಗೆ ಮಣ್ಣು ಅಂಟಿದರೆ ನೀರಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದ್ದರೆ ಬಟ್ಟೆಯಿಂದ ಹೀರಿ ತೆಗೆಯುತ್ತಿದ್ದರು. ಗರಿಗಳನ್ನು ಒರೆಸಿ, ಎಲ್ಲವೂ ಕಿಟಕಿಯ ಕಡೆಗೇ ವಾಲದ ಹಾಗೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತಿದ್ದರು. ಮುಂದಿನ ಕುಂಡ. ಮೊದಲ ಮಂಗಳವಾರ ನೀರು ಸಿಕ್ಕಿದ್ದು ಎರಡು ಗಿಡಕ್ಕೆ. ಎರಡನೆಯ ಮಂಗಳವಾರ ಒಂದಕ್ಕೂ ಇಲ್ಲ.

ಪಾಮ್ ತಾಳೆಯ ಜಾತಿ. ತಾಳೆಗೆ ತಾಳ್ಮೆ ಹೆಚ್ಚು, ನಿಜ. ಆದರೆ ವರದಿಗೆ ತಾಳ್ಮೆ ಸಾಲದು. ಮ್ಯಾನೇಜರ ಡೈರಿಯಲ್ಲಿ ಇದ್ದದ್ದು ಒಂದೇ ಸಾಲು: ಕೆಲಸ—ಬೆರಳು ಇಡುವುದು. ಬೆರಳಿಟ್ಟು ತೋರಿಸುವಂಥ ಇನ್ನೊಂದು ಕೆಲಸ ಕಾಣಲಿಲ್ಲ.

ಮೂರನೆಯ ಮಂಗಳವಾರ ಬೆರಳಮ್ಮ ಬರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಮೂರು ವಾರ ಬಗ್ಗುವಂತಿಲ್ಲ ಎಂದು ಸುದ್ದಿ ಬಂತು. ಕೆಲಸ ಹೋಗಬಹುದೆಂಬ ವಿಷಯವೂ ಅಷ್ಟರಲ್ಲಿ ಮೇಜಿನಿಂದ ಮೇಜಿಗೆ ಹಬ್ಬಿತ್ತು. ಬೆರಳಮ್ಮ ಇಲ್ಲದಾಗ ಗಿಡ ಒಣಗಿದರೆ ಅವರ ಹೊಟ್ಟೆಗೇ ಹೊಡೆತವಲ್ಲವೇ? ಕ್ಯಾಷಿಯರ್ ಅಕ್ಕ ನೀರು ಹಾಕಲು ಹತ್ತೊಂಬತ್ತು ಜನರ ಸರದಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಪಟ್ಟಿಯಲ್ಲಿದ್ದವರು ಪಟ್ಟಿಯಂತೆ ಹಾಕಿದರು. ಮರೆತುಹೋದೀತೆಂದು ಮುಂಚಿನ ದಿನವೂ ಹಾಕಿದರು. ಕಾನೂನು ವಿಭಾಗದ ವಕೀಲರು ಸಂಜೆ ಮನೆಗೆ ಹೊರಡುವಾಗ ಬಾಟಲಿಯಲ್ಲಿ ಉಳಿದ ನೀರನ್ನು ಪುಣ್ಯಕಾರ್ಯವೆಂಬಂತೆ ಸುರಿದರು. ಲಿಫ್ಟಿನ ಪಕ್ಕದ ಗಿಡವನ್ನು, ತಾವು ಮುರಿದದ್ದೆಂಬ ಕಾರಣಕ್ಕೆ, ಮ್ಯಾನೇಜರು ಯಾರಿಗೂ ಬಿಟ್ಟುಕೊಡಲಿಲ್ಲ; ದಿನ ಬೆಳಗ್ಗೆ ಅದಕ್ಕೆ ಒಂದು ಮಗ್ ನೀರು ಅವರ ಕೈಯಿಂದಲೇ.

ಮನೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಂಡರು. "ಕುಡಿದ ಲೋಟ ಎತ್ತಿಡದ ಮನುಷ್ಯ ಗಿಡಕ್ಕೆ ನೀರು ಹಾಕ್ತೀರಾ? ಆ ಗಿಡದ ಆಯುಸ್ಸು ಮುಗೀತು ಬಿಡಿ," ಎಂದರು ಹೆಂಡತಿ.

ಹದಿನಾರನೆಯ ದಿನ ಕೆಳಗಿನ ಗರಿಗಳು ಹಳದಿಯಾದವು. ಕುಂಡಗಳ ಸುತ್ತ ಸಣ್ಣ ನೊಣಗಳು ಹಾರಾಡಿದವು. ಬಾಯಾರಿದೆ ಪಾಪ, ಎಂದು ಕ್ಯಾಷಿಯರ್ ಅಕ್ಕ ಮರುಗಿದಳು. ಎಲ್ಲರೂ ಇನ್ನಷ್ಟು ನೀರು ಹಾಕಿದರು.

ಮೂರು ವಾರ ಮುಗಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಬೆರಳಮ್ಮ ಬಂದರು. ಲಿಫ್ಟಿನ ಪಕ್ಕದ ಕುಂಡಕ್ಕೆ ಬೆರಳಿಳಿಸಿ, ತೆಗೆದು, ಮೂಸಿದರು. ಕಚೇರಿಯವರೆಲ್ಲ ಸುತ್ತ ನೆರೆದಿದ್ದರು.

"ಯಾರು ಸತ್ತಿದ್ರು ಇಲ್ಲಿ? ಇಷ್ಟೊಂದು ಅತ್ತು ತೋಯಿಸಿದ್ದೀರಲ್ಲ."

ಮ್ಯಾನೇಜರು ಅಂಗಿಯ ತೋಳು ಮಡಿಚಿ ಕಾಂಡ ಹಿಡಿದರು, ಬೆರಳಮ್ಮ ಕುಂಡವನ್ನು ಓರೆ ಮಾಡಿ ಗಿಡವನ್ನು ಹೊರಗೆಳೆದರು. ಬೇರು ಕಪ್ಪಾಗಿ, ನೆನೆದ ಹಗ್ಗದ ಹಾಗೆ ಕಿತ್ತುಬರುತ್ತಿತ್ತು. ಎಲ್ಲ ಕುಂಡಗಳದ್ದೂ ಅದೇ ಪಾಡು. ಕೊಳೆತದ್ದನ್ನು ಕತ್ತರಿಸಿ, ಒಣಮಣ್ಣು ತುಂಬಿ, ಸಂಜೆಯ ಹೊತ್ತಿಗೆ ಎಂಟನ್ನು ಉಳಿಸಿಕೊಂಡರು. ಮೂರು ಹೋದವು. ಮ್ಯಾನೇಜರ ಸ್ವಂತ ಆರೈಕೆಯದು ಆ ಮೂರರಲ್ಲಿ ಮೊದಲನೆಯದು.

ಕೆಲಸ ಮಾಡುತ್ತಲೇ ಬೆರಳಮ್ಮ ಆಸ್ಪತ್ರೆಯ ದಿನಗಳನ್ನು ಹೇಳುತ್ತಿದ್ದರು. ರೋಗಿಯನ್ನು ನೋಡಿಕೊಳ್ಳುವುದು ಏನೂ ಕಷ್ಟವಲ್ಲವಂತೆ. ಡಾಕ್ಟರು ಬೇಡವೆಂದದ್ದನ್ನೇ ಸೆರಗಿನ ಮರೆಯಲ್ಲಿ ತಂದು ತಿನ್ನಿಸುವ ಅತ್ತೆ, ಚಿಕ್ಕಮ್ಮ, ಭಾವಮೈದುನರನ್ನು ಬಾಗಿಲಲ್ಲೇ ತಡೆಯುವುದು ಇದೆಯಲ್ಲ, ಸಂಬಳ ಕೊಟ್ಟದ್ದು ಅದಕ್ಕಂತೆ.

ಕೆಸರಾದ ಕೈಯಲ್ಲಿ ಕಾಂಡ ಹಿಡಿದು ನಿಂತ ಮ್ಯಾನೇಜರಿಗೆ ಜ್ಞಾನೋದಯವಾಯಿತು. ಆ ರಾತ್ರಿಯೇ ವರದಿ ಬರೆದರು. 'ಈಕೆ ಮಾಡುವ ಕೆಲಸವೆಂದರೆ, ನಾವು ಹತ್ತೊಂಬತ್ತು ಮಂದಿ ಏನೂ ಮಾಡದಂತೆ ನೋಡಿಕೊಳ್ಳುವುದು. ಈಕೆ ಇಲ್ಲದ ಮೂರು ವಾರಗಳಲ್ಲಿ ನಾವು ಮೂರು ಗಿಡ ಕೊಂದಿದ್ದೇವೆ. ಒಂದನ್ನು ಖುದ್ದು ನಾನೇ.'

ಮುಖ್ಯ ಕಚೇರಿಗೆ ಅದು ಹಿಡಿಸಿತು. ಆದರೆ ಅಲ್ಲಿಯವರು ಸುಮ್ಮನೆ ಒಪ್ಪುವವರಲ್ಲ: ಆಕೆಯ ಪದ್ಧತಿಯನ್ನು ಬರೆಸಿ ಕಳಿಸಿ, ಬೇರೆ ಶಾಖೆಗಳಿಗೂ ಉಪಯೋಗವಾದೀತು, ಅದನ್ನು ನೋಡಿ ಒಂದು ವರ್ಷ ಮುಂದುವರಿಸಲು ಆದೇಶ ಕೊಡುತ್ತೇವೆ.

ಮ್ಯಾನೇಜರು ಬೆರಳಮ್ಮನನ್ನು ತಮ್ಮ ಕೋಣೆಗೆ ಕರೆದು, ಎದುರಿನ ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿದರು. ಬೆರಳಮ್ಮ ಕುರ್ಚಿಯ ಅಂಚಿನಲ್ಲಿ ಕೂತರು.

"ಕೆಲಸ ಉಳೀತಾ ಸಾರ್?"

"ಇದೊಂದು ಬರೆದು ಕಳಿಸಿದ್ರೆ ಉಳಿದ ಹಾಗೇನೇ ಅಮ್ಮ."

ತಲೆಬರಹ ಆಗಲೇ ತಯಾರಾಗಿತ್ತು: ಆಸ್ಪತ್ರೆಯ ಅನುಭವದಿಂದ ರೂಪುಗೊಂಡ ಮಿತ ಆರೈಕೆಯ ಪದ್ಧತಿ. ಅದರ ಕೆಳಗೆ ಎರಡು ಸಲ ಗೆರೆಯನ್ನೂ ಎಳೆದಿದ್ದರು. ಪೆನ್ನಿನ ಮುಚ್ಚಳ ತೆಗೆದು ಕೇಳಿದರು:

"ಇಷ್ಟು ಕಮ್ಮಿ ನೀರು ಸಾಕು ಅಂತ ಮೊದಲು ನಿಮಗೆ ಹೇಗೆ ಗೊತ್ತಾಯ್ತು? ಆಯಾ ಆಗಿದ್ದಾಗಿನ ಪಾಠಾನಾ?"

ಬೆರಳಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಪಾಠ ಎಲ್ಲಿಂದ ಬಂತು ಸಾರ್. ನಾನು ಸೇರಿದಾಗ ಈ ಮಹಡಿಯ ನಲ್ಲಿ ಕೆಟ್ಟಿತ್ತು. ಲಿಫ್ಟಲ್ಲಿ ಬಕೆಟ್ ತರಬಾರದು ಅಂದಿದ್ರು. ನನಗೆ ಮಂಡಿನೋವು. ಬೆರಳಿಟ್ಟು ನೋಡೋದು, ಇನ್ನೂ ಒದ್ದೆ ಇದೆ ಅಂತ ಸಮಾಧಾನ ಮಾಡ್ಕೊಂಡು ಹೋಗೋದು. ತೀರಾ ಒಣಗಿದ್ರೆ ಮಾತ್ರ ಒಂದು ಚೊಂಬು ನೀರು. ಎರಡು ವರ್ಷ ಹಾಗೇ ಕಳೆದೆ. ನಾನೇನು ಮಾಡ್ಲಿ, ಅವು ಬದುಕಿಬಿಟ್ವು."