ಬಖೀತ್ ಅಜ್ಜನ ಮರದ ಜಗಲಿ

ಫೌಸ್ಟಿನ್ ಲೋಬೊ ಒಮಾನಿಗೆ ಬಂದು ಎಂಟು ವರ್ಷವಾಗಿದ್ದರೂ, ಇದು ನಾನು ಮಾಡಿದ್ದು ಎಂದು ಹೆಂಡತಿಗೆ ತೋರಿಸುವಂಥ ಒಂದೇ ಒಂದು ಮರದ ಸಾಮಾನು ಆ ದೇಶದಲ್ಲಿ ಇರಲಿಲ್ಲ. ಅವನು ಬಡಗಿ. ವೀಸಾದಲ್ಲೂ ಹಾಗೆಯೇ ಬರೆದಿತ್ತು. ಆದರೆ ಆ ಕಾಲದಲ್ಲಿ ಕೊಲ್ಲಿಗೆ ಬಂದ ಬಡಗಿಗೆ ಸಿಗುತ್ತಿದ್ದ ಕೆಲಸ ಸೆಂಟ್ರಿಂಗ್. ಕಾಂಕ್ರೀಟ್ ಸುರಿಯುವ ಮೊದಲು ಪ್ಲೈವುಡ್ಡಿನ ಅಚ್ಚು ಕಟ್ಟಬೇಕು, ಅದು ಗಟ್ಟಿಯಾದ ಮೇಲೆ ಅಚ್ಚನ್ನು ಕಿತ್ತೆಸೆಯಬೇಕು.

ಮಸ್ಕತ್ತಿನಲ್ಲಿದ್ದಾಗ ಶುಕ್ರವಾರ ಸಂಜೆ ರೂವಿಯ ಬೀದಿಯಲ್ಲಿ ನಡೆಯುವಾಗ ರೋಸ್ ಬೇಕೆಂದೇ ಕೇಳುತ್ತಿದ್ದಳು.

"ಇದರಲ್ಲಿ ನಿನ್ನದು ಯಾವುದು?"

"ಆ ಬ್ಯಾಂಕಿನ ಮೆಟ್ಟಿಲು."

"ಮರ ಎಲ್ಲಿ ಉಂಟು ಅದರಲ್ಲಿ?"

"ಕಿತ್ತಾಯ್ತಲ್ಲ."

"ಹಾಗಾದರೆ ನಿನ್ನದು ಎಂತ ಉಳಿಯಿತು?"

ರೋಸ್ ನಗುತ್ತಿದ್ದಳು, ಅವನೂ ನಗುತ್ತಿದ್ದ. ಆದರೆ ಆ ಮಾತು ಸಣ್ಣ ಸಿಬಿರಿನ ಹಾಗೆ ಒಳಗೇ ಉಳಿದಿತ್ತು. ಅವನ ಅಪ್ಪ ಕರಾವಳಿಯ ಶಿರ್ವದಲ್ಲಿ ಬಡಗಿಯಾಗಿದ್ದವರು. ಅವರು ಸತ್ತು ಎಷ್ಟೋ ವರ್ಷವಾಗಿದ್ದರೂ ಊರಿನ ಯಾರ ಮನೆಗೆ ಹೋದರೂ ಅವರು ಮಾಡಿದ ಒಂದು ಮೇಜು, ಒಂದು ಕಪಾಟು ಕಣ್ಣಿಗೆ ಬೀಳುತ್ತಿತ್ತು. ಎರಡು ಹಲಗೆ ಕೂಡಿಸಿದರೆ ನಡುವೆ ಇರುವೆ ಕೂಡ ನುಗ್ಗಬಾರದು ಎಂದು ಅಪ್ಪ ಮಗನಿಗೆ ಕಲಿಸಿದ್ದರು. ಸೆಂಟ್ರಿಂಗಿನಲ್ಲಿ ಆ ಪಾಠಕ್ಕೆ ಬಹಳ ಬೆಲೆ ಬಂತು. ಸಂದಿಯಿದ್ದರೆ ಸಿಮೆಂಟಿನ ಹಾಲು ಸೋರಿಹೋಗುತ್ತದೆ. ಫೌಸ್ಟಿನ್ ಹೊಡೆದ ಅಚ್ಚಿನಲ್ಲಿ ಸೋರಿಕೆ ಇಲ್ಲವೆಂದು ಕಂಪನಿಯಲ್ಲೆಲ್ಲ ಹೆಸರಾಗಿತ್ತು.

ಎಂಬತ್ತೇಳರಲ್ಲಿ ಕಂಪನಿ ಅವನನ್ನು ಫೋರ್‌ಮನ್ ಮಾಡಿ ಸಲಾಲಾಕ್ಕೆ ಕಳಿಸಿತು. ಸಲಾಲಾ ಒಮಾನಿನ ದಕ್ಷಿಣದ ತುದಿ. ಮಸ್ಕತ್ತು ಕಾದ ಹೆಂಚಾಗಿರುವ ಜೂನ್ ಕೊನೆಯಲ್ಲಿ ಇಲ್ಲಿಗೆ ಸಮುದ್ರದಿಂದ ಮಂಜು ಏರಿ ಬರುತ್ತದೆ. ಸೆಪ್ಟೆಂಬರಿನವರೆಗೂ ಬಿಸಿಲಿಲ್ಲ. ಧೋ ಎಂದು ಸುರಿಯುವ ಮಳೆಯೂ ಅಲ್ಲ, ಜರಡಿ ಹಿಡಿದಂಥ ತುಂತುರು. ಬೋಳು ಗುಡ್ಡಗಳು ಹಸಿರಾಗುತ್ತವೆ, ಗೋಡೆಗಳು ಬೆವರುತ್ತವೆ, ಒಗೆದ ಬಟ್ಟೆ ಒಣಗುವುದಿಲ್ಲ. ಸ್ಥಳೀಯರು ಇದನ್ನು ಖರೀಫ್ ಎನ್ನುತ್ತಾರೆ. ಮೊದಲ ಖರೀಫಿನಲ್ಲೇ ರೋಸ್ ಪೇಟೆಯಿಂದ ಒಂದು ಸ್ವೆಟರ್ ತಂದುಕೊಂಡಳು. "ಕೊಲ್ಲಿಯಲ್ಲಿ ಸ್ವೆಟರ್ ಹಾಕುತ್ತೇನೆಂದು ಬರೆದರೆ ಅಮ್ಮ ನಂಬುವುದಿಲ್ಲ" ಎಂದು ಅದನ್ನು ಹಾಕಿಕೊಂಡು ಫೋಟೊ ತೆಗೆಸಿಕೊಂಡಳು.

ಎಂಬತ್ತೊಂಬತ್ತರ ಮಾರ್ಚಿನಲ್ಲಿ ಕಂಪನಿಯ ಕಫೀಲ್, ಅಂದರೆ ವೀಸಾ ಕೊಡುವ ಸ್ಥಳೀಯ ಮಾಲೀಕ, ಮುಸಲ್ಲಂ ಫೌಸ್ಟಿನನನ್ನು ಗುಡ್ಡದ ಮೇಲಿನ ತಮ್ಮ ಮನೆಗೆ ಕರೆಸಿಕೊಂಡರು. ಅವರ ತಂದೆ ಬಖೀತ್ ಹುಟ್ಟಿದ್ದೂ ಬೆಳೆದದ್ದೂ ದನ ಮೇಯಿಸಿದ್ದೂ ಅದೇ ಗುಡ್ಡದಲ್ಲಿ. ಖರೀಫ್ ಬಂತೆಂದರೆ ಮುದುಕರು ಹಗಲಿಡೀ ಮನೆಯ ಹೊರಗೆ ಮಂಜಿನಲ್ಲೇ ಕೂರುವವರು. ಹಿಂದಿನ ವರ್ಷ ಕೆಸರಿನಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಖರೀಫಿನಲ್ಲಿ ಹೊರಗೆ ಕಾಲಿಡಬೇಡಿ ಎಂದು ಡಾಕ್ಟರು ಹೇಳಿದ್ದರು.

"ಒಳಗೆ ಕೂರಿಸಿದರೆ ಇವರು ನಮ್ಮ ಜೊತೆ ಮಾತು ಬಿಡುತ್ತಾರೆ" ಎಂದರು ಮುಸಲ್ಲಂ. "ಬಾಗಿಲಿನಿಂದ ಆ ಅತ್ತಿ ಮರದವರೆಗೆ ಒಂದು ಮರದ ಜಗಲಿ ಮಾಡಿಕೊಡು. ರೂವಿಯ ಯಾರ್ಡಿನಲ್ಲಿ ಹಸಿರು ಮರ ಬಿದ್ದುಕೊಂಡಿದೆಯಲ್ಲ, ಅದನ್ನು ತರಿಸು."

ಹಸಿರು ಮರವೆಂದರೆ ಯೂರೋಪಿನಿಂದ ಬಂದ ಪೈನ್. ಅದನ್ನು ದೊಡ್ಡ ಉಕ್ಕಿನ ಕೊಳವೆಯೊಳಗಿಟ್ಟು, ಗಾಳಿ ಎಳೆದು, ತಾಮ್ರದ ಲವಣದ ದ್ರಾವಣವನ್ನು ಒತ್ತಡದಿಂದ ನುಗ್ಗಿಸಿರುತ್ತಾರೆ. ಅಂಥ ಮರವನ್ನು ಶಿಲೀಂಧ್ರವೂ ಗೆದ್ದಲೂ ಸುಲಭಕ್ಕೆ ತಿನ್ನಲಾರವು. ಯಾವುದೋ ಹೋಟೆಲಿನ ಕೆಲಸಕ್ಕೆ ತರಿಸಿ ಉಳಿದದ್ದು ಒಂದೂವರೆ ವರ್ಷದಿಂದ ರೂವಿಯ ಬಿಸಿಲಿನಲ್ಲಿತ್ತು.

ಮರ ಬಂದ ದಿನ ಫೌಸ್ಟಿನ್ ಒಂದು ಹಲಗೆಯನ್ನು ಸುಮ್ಮನೆ ಸವರುತ್ತ ನಿಂತ. ಕಿತ್ತುಹಾಕುವುದಕ್ಕಲ್ಲ, ಇರುವುದಕ್ಕೆ ಎಂದು ಒಂದು ಕೆಲಸ ಕೊನೆಗೂ ಕೈಗೆ ಬಂದಿತ್ತು. ಅಪ್ಪನನ್ನು ನೆನೆದು ತನಗೆ ಗೊತ್ತಿದ್ದದ್ದನ್ನೆಲ್ಲ ಅದಕ್ಕೆ ಸುರಿದ. ನಾಲ್ಕು ಮೀಟರ್ ಅಗಲಕ್ಕೆ ಇಪ್ಪತ್ತೆಂಟು ಹಲಗೆ. ಒಂದಕ್ಕೊಂದು ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂಡಿಸಿದ. ಇರುವೆಯ ಮಾತಿರಲಿ, ಸೂಜಿ ಇಳಿಯುತ್ತಿರಲಿಲ್ಲ.

ಕಂಪನಿಯ ಪಿಕಪ್ ಓಡಿಸುತ್ತಿದ್ದ ಉಳ್ಳಾಲದ ಸಲಾಂ ಅದರ ಮೇಲೆ ಚಪ್ಪಲಿ ಬಿಟ್ಟು ನಡೆದು ನೋಡಿದ. "ಫೌಸ್ಟಿನಣ್ಣಾ, ಇದರ ಮೇಲೆ ಕೇರಂ ಆಡಬಹುದು ಮಾರಾಯ್ರೆ."

ಜೂನ್ ಮುಗಿಯಿತು. ಮಂಜು ಗುಡ್ಡ ಹತ್ತಿತು. ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ಮುಸಲ್ಲಂ ಹೇಳಿಕಳಿಸಿದರು. ಸಲಾಂ ಮನೆಯ ಮುಂದೆ ಪಿಕಪ್ ನಿಲ್ಲಿಸಿ, ಇಳಿಯದೆ ಗಾಜಿನಿಂದಲೇ ನೋಡಿದ.

"ಎಂತದು ಮಾರಾಯ್ರೆ ಇದು, ಜಗಲಿಯಾ ಒಂಟೆಯಾ?"

ಜಗಲಿಯ ನಡುಭಾಗ ಡುಬ್ಬದ ಹಾಗೆ ಎದ್ದು ನಿಂತಿತ್ತು. ಕೆಲವು ಹಲಗೆಗಳು ಮೊಳೆಯನ್ನೇ ಕಿತ್ತುಕೊಂಡು ಮೇಲೆ ಬಂದಿದ್ದವು. ತಗ್ಗಿನಲ್ಲಿ ನೀರು ನಿಂತಿತ್ತು. ಮಣ್ಣಿನಲ್ಲಿ ಹೂತಿದ್ದ ಕಂಬಗಳ ಬುಡ ಕೆದಕಿದರೆ, ಫೌಸ್ಟಿನ್ ಗರಗಸದಿಂದ ಕೊಯ್ದಿದ್ದ ತುದಿಗಳಲ್ಲಿ ಕಪ್ಪು ಹಿಡಿದು ಉಗುರು ಇಳಿಯುವಷ್ಟು ಮೆತ್ತಗಾಗಿತ್ತು. ಆ ಡುಬ್ಬದ ಒಂದು ಬದಿಯಲ್ಲಿ, ತಲೆಗೆ ಶಾಲು ಸುತ್ತಿಕೊಂಡು, ಬಖೀತ್ ಆರಾಮವಾಗಿ ಕೂತಿದ್ದರು.

"ಯಾ ನಜ್ಜಾರ್" ಎಂದರು. ಅರಬ್ಬಿಯಲ್ಲಿ ಬಡಗಿಗೆ ಹಾಗೆನ್ನುತ್ತಾರೆ. "ಒರಗಿಕೊಳ್ಳುವುದಕ್ಕೂ ಮಾಡಿಕೊಟ್ಟಿದ್ದೀಯೆಂದು ಗೊತ್ತಿರಲಿಲ್ಲ."

ಮುಸಲ್ಲಂ ನಗಲಿಲ್ಲ. "ಇವರು ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ. ಖಲಾಸ್, ಮರ ಸಾಕು. ಖರೀಫ್ ಮುಗಿದ ಮೇಲೆ ಕಾಂಕ್ರೀಟ್ ಹಾಕೋಣ. ಸೆಂಟ್ರಿಂಗ್ ನೀನೇ ಹೊಡಿ."

ಸೆಂಟ್ರಿಂಗ್ ನೀನೇ ಹೊಡಿ! ಬೈದಿದ್ದರೂ ಫೌಸ್ಟಿನನಿಗೆ ಇಷ್ಟು ನೋಯುತ್ತಿರಲಿಲ್ಲ. ತನ್ನ ಜಗಲಿಯನ್ನು ತಾನೇ ಕಿತ್ತು, ಅದರ ಜಾಗಕ್ಕೆ ಬರುವ ಕಾಂಕ್ರೀಟಿಗೆ ತಾನೇ ಅಚ್ಚು ಕಟ್ಟಿ, ಆ ಅಚ್ಚನ್ನೂ ಕೀಳಬೇಕು.

ಮನೆಯಲ್ಲಿ ರೋಸ್ ಇಸ್ತ್ರಿಪೆಟ್ಟಿಗೆಯಿಂದ ಅಂಗಿ ಒಣಗಿಸುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿ ಕೊಂಕಣಿಯಲ್ಲಿ ಅಂದಳು: "ಅಲ್ಲ, ನೀನು ಶಿರ್ವದವನು ಹೌದಾ? ಮಳೆ ನೋಡದವರ ಹಾಗೆ ಕಟ್ಟಿದ್ದೀಯಲ್ಲ."

"ಅಂದರೆ?"

"ನಮ್ಮ ಪಾಂಗಾಳದ ತೋಡಿಗೆ ಮರದ ಸಂಕ ಇತ್ತಲ್ಲ. ಹಲಗೆ ಹಲಗೆಗಳ ನಡುವೆ ಎಷ್ಟು ಸಂದಿ! ಇಗರ್ಜಿಗೆ ಹೋಗುವಾಗೆಲ್ಲ ನನ್ನ ಕೊಡೆಯ ತುದಿ ಅದರಲ್ಲಿ ಸಿಕ್ಕಿ ಬೀಳುತ್ತಿತ್ತು. ಮಾಡಿದವನಿಗೆ ಬುದ್ಧಿ ಇಲ್ಲ ಅಂತ ಬೈದಿದ್ದೆ."

ಫೌಸ್ಟಿನ್ ಅವಳನ್ನೇ ನೋಡಿದ. ಹೆಂಡತಿಯ ಊರಿನ ಆ ಕಾಲುಸೇತುವೆಯನ್ನು ಅವನೂ ನೂರು ಸಲ ದಾಟಿದ್ದ. ಅಪ್ಪನ ಇರುವೆಯ ಪಾಠ ಮನೆಯೊಳಗಿನ ಮೇಜಿಗೆ. ಮಳೆಯಲ್ಲಿ ನಿಲ್ಲುವ ಮರಕ್ಕೆ ಬೇರೆಯೇ ಪಾಠವಿತ್ತು. ಎಂಟು ವರ್ಷ ಸಿಮೆಂಟಿನ ಹಾಲು ಕಟ್ಟಿ ಕಟ್ಟಿ ಅವನ ಕೈ ಅದನ್ನು ಮರೆತಿತ್ತು.

ಮರುದಿನ ಅವನು ಸಲಾಲಾದ ಯಾರ್ಡಿನ ಶೆಡ್ಡಿನಲ್ಲಿ ಉಳಿದಿದ್ದ ಅದೇ ಮರದ ಒಂದು ಒಣ ತುಂಡನ್ನು ಅಳೆದು ನೀರಿನ ಡ್ರಮ್ಮಿಗೆ ಹಾಕಿದ. ಒಂದು ವಾರದ ಮೇಲೆ ತೆಗೆದು ಅಳೆದರೆ ಅಗಲ ಸುಮಾರು ನಾಲ್ಕು ಮಿಲಿಮೀಟರ್ ಹೆಚ್ಚಿತ್ತು. ಗುಡ್ಡದ ಮಂಜಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಎಂದುಕೊಂಡರೂ ಇಪ್ಪತ್ತೆಂಟು ಹಲಗೆಗೆ ಹತ್ತು ಸೆಂಟಿಮೀಟರ್. ಅಷ್ಟು ಮರ ಪಕ್ಕಕ್ಕೆ ಹೋಗಲು ಜಾಗವಿಲ್ಲದೆ ಮೇಲಕ್ಕೆ ಹೋಗಿತ್ತು. ಕಂಬದ ಬುಡದ ಕಾರಣವೂ ತಿಳಿಯಿತು. ತಾಮ್ರದ ದ್ರಾವಣ ಇಳಿದಿರುವುದು ಮರದ ಹೊರಭಾಗಕ್ಕೆ ಮಾತ್ರ, ತಿರುಳಿಗಲ್ಲ. ಕೊಯ್ದಾಗ ರಕ್ಷಣೆಯಿಲ್ಲದ ತಿರುಳು ಹೊರಬೀಳುತ್ತದೆ. ಅವನು ಆ ಬೆತ್ತಲೆ ತುದಿಯನ್ನೇ ಕೆಸರಿಗೆ ಇಳಿಸಿದ್ದ.

ಕಾರಣ ತಿಳಿದ ಮೇಲೆ ಅವನಿಗೆ ಒಂಥರಾ ಧೈರ್ಯ ಬಂತು. ಸಲಾಂನ ಜೊತೆ ಗುಡ್ಡಕ್ಕೆ ಹೋಗಿ, ಒದ್ದೆ ತುಂಡನ್ನೂ ಒಣ ತುಂಡನ್ನೂ ಮುಸಲ್ಲಂ ಮುಂದೆ ಅಕ್ಕಪಕ್ಕ ಇಟ್ಟ. ಅವರು ಎರಡನ್ನೂ ತಿರುಗಿಸಿ ನೋಡಿದರು. "ಇದು ನಿಜವಿರಬಹುದು. ಆದರೆ ನನ್ನ ತಂದೆಯ ಸೊಂಟ ಇನ್ನೊಂದು ಪ್ರಯೋಗಕ್ಕೆ ಇಲ್ಲ."

ಅಷ್ಟರಲ್ಲಿ ಬಖೀತ್ ಕೋಲೂರಿಕೊಂಡು ಬಂದರು. "ಸೊಂಟ ಯಾರದು?" ಎಂದರು ಮಗನಿಗೆ. "ಸಿಮೆಂಟಿನ ಮೇಲೆ ನೀರು ನಿಲ್ಲುತ್ತದೆ, ಪಾಚಿ ಬೆಳೆಯುತ್ತದೆ, ಕೂತರೆ ಮೂಳೆಗೆ ಥಂಡಿ. ಡುಬ್ಬವಿದ್ದರೂ ಮರ ಬೆಚ್ಚಗಿತ್ತು. ಇವನು ಇನ್ನೊಂದು ಸಲ ಮಾಡಲಿ."

ತಂದೆಯ ಮಾತಿಗೆ ಮುಸಲ್ಲಂ ಎದುರಾಡಲಿಲ್ಲ. ಆದರೆ ಸೆಂಟ್ರಿಂಗಿನ ಪ್ಲೈವುಡ್ ತರಿಸಿ ಅತ್ತಿ ಮರದಡಿ ಟಾರ್ಪಾಲು ಹೊದಿಸಿ ಇಟ್ಟರು. "ಇದು ಇಲ್ಲೇ ಇರಲಿ. ಮುಂದಿನ ಖರೀಫಿನಲ್ಲೂ ಹೀಗೇ ಆದರೆ ಆಗ ಮಾತಾಡುವುದು ಬೇಡ."

ಬಿಸಿಲು ಬಂದ ಮೇಲೆ ಫೌಸ್ಟಿನ್ ಜಗಲಿಯನ್ನು ಪೂರಾ ಬಿಚ್ಚಿದ. ಹಲಗೆಗಳ ನಡುವೆ ಪಟ್ಟಿಯಿಟ್ಟು ಪೇರಿಸಿ ಚಳಿಗಾಲವಿಡೀ ಒಣಗಿಸಿದ. ಕಂಬಗಳ ಮೆತ್ತಗಾದ ಬುಡವನ್ನು ಗಟ್ಟಿ ಮರ ಸಿಗುವವರೆಗೂ ಕೊಯ್ದು, ಈ ಸಲ ಕೊಯ್ದ ತುದಿಯನ್ನೆಲ್ಲ ತಾಮ್ರದ ದ್ರಾವಣದಲ್ಲಿ ಕುಡಿಯುವಷ್ಟು ಕುಡಿಸಿದ. ಕಲ್ಲಿನ ದಿಂಡುಗಳನ್ನು ಹೂತು, ಅವುಗಳ ಮೇಲೆ ಕಬ್ಬಿಣದ ಪಾದುಕೆಯಿಟ್ಟು, ಕಂಬಗಳನ್ನು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಿದ. ಮೊಳೆಯ ಬದಲು ಸ್ಟೇನ್‌ಲೆಸ್ ಸ್ಕ್ರೂ. ಅದು ರೂವಿಯಿಂದ ಬಸ್ಸಿನಲ್ಲಿ ಬರಬೇಕಾಯಿತು. ಕೊಯ್ದ ಚೂರುಗಳನ್ನು ಮನೆಯವರು ಚಹದ ಒಲೆಗೆ ಒಯ್ಯುತ್ತಿದ್ದುದನ್ನು ಕಂಡು ಓಡಿಹೋಗಿ ತಡೆದ. ಆ ಮರದಲ್ಲಿ ತಾಮ್ರದ ಜೊತೆ ಪಾಷಾಣವೂ ಇರುತ್ತದೆ. ಹೊಗೆ ಕೆಟ್ಟದ್ದು, ಬೂದಿ ನೆಕ್ಕಿದರೆ ದನ ಉಳಿಯುವುದಿಲ್ಲ. ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ ಸಲಾಂ ಕೆಳಗೆ ಒಯ್ದ.

ಉಳಿದದ್ದು ಸಂದಿಯ ಲೆಕ್ಕ. ಬಖೀತ್ ಕೋಲಿಲ್ಲದೆ ನಡೆಯುವವರಲ್ಲ. ಸಂದಿ ಮಂಜಿಗೆ ಸಾಲಬೇಕು, ಕೋಲಿಗೆ ಸಿಗಬಾರದು. ಫೌಸ್ಟಿನ್ ಕ್ಯಾಲಿಪರ್ ತೆಗೆದು ಕೋಲಿನ ತುದಿಗೆ ಹಿಡಿದ.

"ನನ್ನ ಕೋಲಿಗೆ ಜ್ವರವಾ?" ಎಂದರು ಬಖೀತ್.

"ಇಲ್ಲ ಬಾಬಾ. ಆರೋಗ್ಯವಾಗಿದೆ. ಇಪ್ಪತ್ತೆರಡು ಮಿಲಿಮೀಟರ್."

"ಹಾಗಾದರೆ ಯಲ್ಲಾ, ಬೇಗ ಮುಗಿಸು."

ಒಣ ಹಲಗೆಗೆ ಎಂಟು ಮಿಲಿಮೀಟರ್ ಸಂದಿಯೆಂದು ಅವನು ನಿಶ್ಚಯಿಸಿದ. ಮರ ಉಬ್ಬಿದ ಮೇಲೂ ನಾಲ್ಕು ಉಳಿಯುತ್ತದೆ, ನೀರಿಗೆ ಅಷ್ಟು ಸಾಕು. ಅಷ್ಟೇ ದಪ್ಪದ ಒಂದು ಪಟ್ಟಿ ಸೀಳಿಕೊಂಡು ಪ್ರತಿ ಹಲಗೆಯ ನಡುವೆ ಇಟ್ಟು ತೆಗೆದ. ಮೊದಮೊದಲು ಅವನ ಕೈ ಹಟ ಮಾಡಿತು. ಹಲಗೆಯಿಟ್ಟ ಕೂಡಲೇ ಸುತ್ತಿಗೆ ತಾನಾಗಿ ಏಳುತ್ತಿತ್ತು. "ಬಿಡಿ ಮಾರಾಯ್ರೆ, ಅದಕ್ಕೂ ಉಸಿರಾಡಲಿಕ್ಕೆ ಉಂಟಲ್ಲ" ಎಂದು ಸಲಾಂ ಸುತ್ತಿಗೆಯನ್ನು ಒಯ್ದು ಪಿಕಪ್ಪಿನಲ್ಲಿಟ್ಟುಬಿಟ್ಟ.

ತೊಂಬತ್ತರ ಖರೀಫ್ ಬಂತು. ಫೌಸ್ಟಿನ್ ಕೆಳಗೆ ಪೇಟೆಯಲ್ಲಿ ಅಂಗಡಿ ಸಾಲಿನ ಸೆಂಟ್ರಿಂಗ್ ಹೊಡೆಯುತ್ತ, ಆಗಾಗ ಗುಡ್ಡದ ಕಡೆ ನೋಡುತ್ತಿದ್ದ. ಮಂಜಿನಲ್ಲಿ ಗುಡ್ಡವೇ ಕಾಣುತ್ತಿರಲಿಲ್ಲ. ಮೇಲಿನಿಂದ ಸುದ್ದಿಯೂ ಇಲ್ಲ. ಹೋಗಿ ನೋಡು ಎಂದಳು ರೋಸ್. ಕರೆದರೆ ಹೋಗುತ್ತೇನೆ ಎಂದ. ಜುಲೈ ಕಳೆದು, ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಸಲಾಂ ಬಂದು, "ಹತ್ತಿ, ಕಫೀಲ್ ಕರೀತಿದ್ದಾರೆ. ಪ್ಲೈವುಡ್ಡಿನ ವಿಷಯ ಅಂತೆ" ಎಂದಾಗ ಫೌಸ್ಟಿನ್ ಅಳತೆಪಟ್ಟಿಯನ್ನು ಜೇಬಿಗಿಟ್ಟುಕೊಂಡು ಪಿಕಪ್ ಹತ್ತಿದ.

ಸಲಾಂ ವೈಪರ್ ಹಾಕಿ, ಮಂಜಿನಲ್ಲಿ ರಸ್ತೆ ಹುಡುಕುತ್ತ ಗುಡ್ಡ ಹತ್ತಿಸಿದ.

ಜಗಲಿ ರಸಮಟ್ಟವಿಟ್ಟು ನೋಡಿದ ಹಾಗೆ ಸಪಾಟಾಗಿತ್ತು. ತುಂತುರು ಹಲಗೆಯ ಮೇಲೆ ಬೀಳುತ್ತಿತ್ತು, ಸಂದಿಯಲ್ಲಿ ಇಳಿಯುತ್ತಿತ್ತು, ಕೆಳಗೆ ಕಲ್ಲಿನ ಮೇಲೆ ಟಪ್ ಟಪ್ ಎನ್ನುತ್ತಿತ್ತು. ಅದರ ನಡುವೆ ಬಖೀತ್ ಚಾಪೆ ಹಾಸಿಕೊಂಡು ಮಲಗಿ ನಿದ್ದೆ ಹೋಗಿದ್ದರು. ಮೀಸೆಯ ತುಂಬ ಮಂಜಿನ ಹನಿ. ಫೌಸ್ಟಿನ್ ಮಂಡಿಯೂರಿ ಸಂದಿಗೆ ಅಳತೆಪಟ್ಟಿ ಹಿಡಿದು ನೋಡಿದ. ನಾಲ್ಕಕ್ಕಿಂತ ಒಂದು ಕೂದಲು ಹೆಚ್ಚು.

ಮುಸಲ್ಲಂ ಬಾಗಿಲಿಗೆ ಬಂದು, ತಂದೆಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಹೇಳಿದರು. "ಆ ಪ್ಲೈವುಡ್ ತೆಗೆದುಕೊಂಡು ಹೋಗಿ. ದನಗಳು ಎಡವುತ್ತವೆ."

ಫೌಸ್ಟಿನ್ ಸಲಾಂನ ಕಡೆ ತಿರುಗಿದ. ಸಲಾಂ ಆಕಾಶ ನೋಡುತ್ತಿದ್ದ.

"ಬ್ಯಾರಿ, ಗೊತ್ತಿದ್ದೂ ಹೇಳಲಿಲ್ಲ ಅಲ್ವಾ ನೀನು?"

"ಹೇಳಿದ್ದರೆ ನಿಮ್ಮ ಮುಖ ನೋಡುವ ಭಾಗ್ಯ ಸಿಗುತ್ತಿತ್ತಾ?"

ಆಮೇಲೆ ಫೌಸ್ಟಿನ್ ಇನ್ನೂ ಏಳು ವರ್ಷ ಸಲಾಲಾದಲ್ಲಿದ್ದ. ಗುಡ್ಡದ ಎರಡು ಮೂರು ಮನೆಗಳಿಗೆ ಅಂಥದೇ ಜಗಲಿ ಮಾಡಿಕೊಟ್ಟ. ಹೆಚ್ಚಿನ ದಿನ ಮಾಡಿದ್ದು ಸೆಂಟ್ರಿಂಗೇ, ಅದೂ ಬೇಸರವಿಲ್ಲದೆ. ಪ್ರತಿ ಖರೀಫಿನಲ್ಲಿ ಒಮ್ಮೆ ಗುಡ್ಡ ಹತ್ತಿ, ಬಖೀತ್ ಅಜ್ಜನ ಜಗಲಿಯ ಕಂಬಗಳ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ, ತುದಿ ಇಳಿಯದಿದ್ದರೆ ಚಹ ಕುಡಿದು ಬರುತ್ತಿದ್ದ.

ತೊಂಬತ್ತೇಳರಲ್ಲಿ ಊರಿಗೆ ಮರಳುವ ಮುನ್ನ ರೋಸ್‌ಳನ್ನೂ ಕರೆದುಕೊಂಡು ಹೋದ. ಖರೀಫ್ ಆಗಷ್ಟೇ ಹಿಡಿದಿತ್ತು. ಅವಳು ಸ್ವೆಟರ್ ಹಾಕಿ, ಕೊಡೆ ಹಿಡಿದು ಜಗಲಿಗೆ ಹತ್ತಿದವಳು ಕೊಡೆ ಮಡಚಿ ಅದರ ತುದಿಯನ್ನು ಒಂದು ಸಂದಿಗೆ ಒತ್ತಿ ನೋಡಿದಳು. ಇಳಿಯಲಿಲ್ಲ. ಇನ್ನೊಂದಕ್ಕೆ ಒತ್ತಿದಳು.

"ಪಾಂಗಾಳದ ಸಂಕಕ್ಕಿಂತ ಬುದ್ಧಿವಂತನೇ ಮಾಡಿದ್ದು" ಎಂದಳು. ಆಮೇಲೆ ಸುತ್ತ ನೋಡಿ, ಹಳೆಯ ದನಿಯಲ್ಲಿ ಕೇಳಿದಳು: "ಇದರಲ್ಲಿ ನಿನ್ನದು ಯಾವುದು?"

"ನೀನು ನಿಂತಿದ್ದೀಯಲ್ಲ, ಅದು."

ಅವನು ಎಂದಿನಂತೆ ಸ್ಕ್ರೂಡ್ರೈವರ್ ಹಿಡಿದು ಜಗಲಿಯ ಕೆಳಗೆ ಬಗ್ಗಿದ್ದ. ಕಣ್ಣು ಮಂಜಾಗಿ, ಕಿವಿ ಮಾತ್ರ ಚುರುಕಾಗಿದ್ದ ಬಖೀತ್ ಕೋಲಿನಿಂದ ಹಲಗೆಯನ್ನು ತಟ್ಟಿದರು.

"ಯಾ ನಜ್ಜಾರ್, ವರ್ಷ ವರ್ಷ ಬಂದು ಕೆಳಗೆ ನುಸುಳುತ್ತೀಯ. ಒಂದು ಸಲವೂ ಮೇಲೆ ಕೂತಿಲ್ಲ. ಬಾ."

ಫೌಸ್ಟಿನ್ ಹತ್ತಿ ಬಂದ.

"ಒದ್ದೆ ಉಂಟು, ಪ್ಯಾಂಟು ಹಾಳಾಗುತ್ತದೆ" ಎಂದಳು ರೋಸ್.

"ಆಗಲಿ" ಎಂದು ಅವನು ಕೂತುಕೊಂಡ.