ಸೋತವರು ಮನೆಗೆ ಹೋಗುವುದು

ಲಾಕ್‌ಡೌನ್ ದಿನಗಳಲ್ಲಿ, ಯುರೋಪಿನ ವೂರ್‌ಬರ್ಗ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಉಡುಪಿಯವರು ಬಾಲ್ಕನಿಯಲ್ಲೇ ಆಫೀಸು ನಡೆಸುತ್ತಿದ್ದರು. ಯುರೋಪಿಯನ್ ಒಕ್ಕೂಟ ಸೇರಬಯಸುವ ದೇಶಗಳಲ್ಲಿ ಪ್ರಜಾಪ್ರಭುತ್ವ ನೆಟ್ಟಗಿದೆಯೇ ಎಂದು ನೋಡುವುದು ಅವರ ಕೆಲಸ. ಯಾವ ದೇಶದ ಮಾತು ಬಂದರೂ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಕೇಳುತ್ತಿದ್ದರು: “ಸೋತವರು ತೆಪ್ಪಗೆ ಮನೆಗೆ ಹೋಗ್ತಾರಾ ಮಾರಾಯ? ನಮ್ಮ ಮೊದಲನೇ ಷರತ್ತೇ ಅದು.”

ಇಷ್ಟು ಕಟ್ಟುನಿಟ್ಟಿನ ಮನುಷ್ಯರು ನಮ್ಮ ಕನ್ನಡ ಕೂಟಕ್ಕೆ ಮಾತ್ರ ವರ್ಷಗಳಿಂದ ಅಧ್ಯಕ್ಷರು. ಅಲ್ಲಿ ಚುನಾವಣೆ ಎಂದರೆ, ಯುಗಾದಿಯ ಊಟದ ನಡುವೆ ಯಾರೋ “ಇವರೇ ಮುಂದುವರಿಯಲಿ” ಎನ್ನುವುದು. ಬಾಯಲ್ಲಿ ಒಬ್ಬಟ್ಟು ತುಂಬಿಕೊಂಡ ಉಳಿದವರು ತಲೆಯಾಡಿಸುವುದು.

ಲಾಕ್‌ಡೌನಿನ ಎರಡನೇ ವರ್ಷದ ಯುಗಾದಿ ಸಭೆ ಆನ್‌ಲೈನಿನಲ್ಲಿ ನಡೆಯಿತು. ಊಟವಿಲ್ಲ, ಎಲ್ಲರ ಬಾಯೂ ಖಾಲಿ. ಮತ ಹಾಕೋಣ ಎಂದು ಒಬ್ಬರು ಹೇಳಿದರು, ಇನ್ನೊಬ್ಬರು ಹೌದೆಂದರು. ಹತ್ತಿರದ ಹೂಫ್‌ಡಾರ್ಪ್ ಊರಿಗೆ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಗೆದ್ದಳು.

ಮರುದಿನ ಬೆಳಿಗ್ಗೆ ಬಾಲ್ಕನಿಯಿಂದ ಮೆಲ್ಲಗೆ ಕೇಳಿದೆ: “ಏನ್ ಸರ್, ತೆಪ್ಪಗೆ ಮನೆಗೆ ಹೋದ್ರಾ?”

ಕನ್ನಡಕ ಹಣೆಗೇರಿತು.

“ಹೋಗುದೆಲ್ಲಿಗೆ ಮಾರಾಯ? ವರ್ಷದಿಂದ ಮನೆಯಲ್ಲೇ ಇದ್ದೇನಲ್ಲ.”