ಹೆಣ್ಣುಕುದುರೆಯ ಕಾಲು, ಅಮ್ಮನ ಕಾಲು

ಎಂಬತ್ತರ ದಶಕದಲ್ಲಿ ನಮ್ಮಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕೆಲಸಕ್ಕಿದ್ದ. ರೇಸಿನಲ್ಲಿ ಕಾಲು ಮುರಿದುಕೊಂಡ ಹೆಣ್ಣುಕುದುರೆಯೊಂದು ಅವನ ಪಾಲಿಗೆ ಬಂತು. ಗಂಡಾಗಿದ್ದರೆ ಅಲ್ಲೇ ಗುಂಡು ಹೊಡೆಯುತ್ತಿದ್ದರಂತೆ. ಇದು ಮರಿ ಹಾಕಲಿ ಎಂದು ಉಳಿಸಿದ್ದರು. ಅಪ್ಪ ದಿನಾ ಅದರ ಕಾಲಿಗೆ ಎಣ್ಣೆ ತಿಕ್ಕಿ, ಮನೆಗೆ ಬಂದು ಅದನ್ನೇ ಹೊಗಳುತ್ತಿದ್ದ. ಅಮ್ಮನನ್ನು ಹಾಗೆ ಹೊಗಳಿದ್ದು ನಾನಂತೂ ಕೇಳಿಲ್ಲ.

ಆಗಲೇ ಹಿತ್ತಲಲ್ಲಿ ಜಾರಿಬಿದ್ದು ಅಮ್ಮನ ಕಾಲು ಉಳುಕಿತ್ತು. ಮುದ್ದೆ ತಿರುವುತ್ತಲೇ ಅಂದಳು: "ನಾನೂ ಮೂರು ಹೆತ್ತಿದೀನಿ. ನನ್ ಕಾಲೂ ಒಸಿ ತಿಕ್ರಿ."

ಅಪ್ಪ ಎಣ್ಣೆ ತಂದು ಕೂತ. ಕುದುರೆಯ ಕಾಲು ಮುಟ್ಟುವ ಮುನ್ನ, ಅದು ಬೆದರದಿರಲೆಂದು, ಬೆನ್ನು ತಟ್ಟಿ "ಹೋ, ಹೋ" ಅನ್ನುವುದು ಅವನ ರೂಢಿ. ಅಮ್ಮನ ಬೆನ್ನನ್ನೂ ತಟ್ಟಿ "ಹೋ, ಹೋ" ಅಂದ.

"ಇನ್ನೊಂದ್ಸಲ ಅನ್ನಿ," ಅಂದಳು ಅಮ್ಮ, "ಚೆನ್ನಾಗಿರೋ ಕಾಲಲ್ಲಿ ಒದೀತೀನಿ."